ಪ್ರಾಜೆಕ್ಟ್ ರಿಜೆಕ್ಟ್ ಆದರೂ ರಜೆ ಉಳಿಸಿಕೊಂಡೆ: ನನ್ನ ಅನುಭವ

ಸಂಶೋಧನೆಗೆ ಹಣ ಕೇಳಿ ಹಾಕಿದ ಪ್ರಾಜೆಕ್ಟ್ ಅರ್ಜಿ ‘ರಿಜೆಕ್ಟ್ ಆದರೆ ದುಡ್ಡು ಎಲ್ಲಿಂದ’ ಅಂತ ರಜೆಗೆ ಹೊರಡುವ ಮುಂಚೆಯೇ ಒಂದು ಹಾಳೆಯಲ್ಲಿ ಲೆಕ್ಕ ಬರೆದಿಡುತ್ತೇನೆ ಎಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಯಾರಿಗೂ ಹಿಡಿಸಲಿಲ್ಲ. “ಒಳ್ಳೇದು ಮಾತಾಡಿ ಮೇಡಂ, ಅಸ್ತು ದೇವತೆಗಳು ಇರ್ತಾರೆ” ಎಂದರು ಹಿರಿಯರೊಬ್ಬರು. ವಿಭಾಗದ ಮುಖ್ಯಸ್ಥರದು ಇನ್ನೊಂದು ಸಲಹೆ: ರಜೆಯಲ್ಲಿ ಮೇಲ್ ತೆಗೆಯಲೇಬೇಡಿ. ಈಗ ನಮ್ಮ ಕಾಲೇಜಿನಲ್ಲೇ ಇಬ್ಬರು ನನ್ನ ಹಾಳೆಯ ನಕಲು ಇಟ್ಟುಕೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಲ್ಯಾಬಿನ ಕೆಲಸ ಬೆಂಗಳೂರಿನ ಕೆರೆಗಳ ಹೂಳಿನಲ್ಲಿ ಸೀಸ, ಕ್ಯಾಡ್ಮಿಯಂ ಎಷ್ಟಿದೆ ಎಂದು ನೋಡುವುದು. ಬೆಳ್ಳಂದೂರು, ವರ್ತೂರು, ಜಕ್ಕೂರು ಕಡೆ ಸುತ್ತಾಟ. ಅರ್ಜಿಯ ಫಲಿತಾಂಶ ಯಾವಾಗ ಬರುತ್ತದೆಂದು ಹೇಳಲಾಗದು, ಆದರೆ ನನಗೆ ಮಾತ್ರ ಮೇ ತಿಂಗಳಲ್ಲೋ ಡಿಸೆಂಬರ್‌ನಲ್ಲೋ, ಬ್ಯಾಗ್ ತುಂಬಿದ ಮೇಲೇ ಬಂದಿದೆ. ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರ ಸರ್ಕಾರದ ಎಸ್‌ಇಆರ್‌ಬಿ ಜಾಗಕ್ಕೆ 2023ರ ಕಾಯ್ದೆಯಿಂದ ಎಎನ್‌ಆರ್‌ಎಫ್ ಬಂದ ಮೇಲೆ ಯೋಜನೆಗಳ ಹೆಸರೂ ಬದಲಾದವು. ನಮ್ಮ ಹಳೆಯ ಅಂದಾಜಿನ ಕ್ಯಾಲೆಂಡರ್ ಕೆಲಸಕ್ಕೆ ಬರಲಿಲ್ಲ.

ಮೊದಲು ಮುಖ್ಯಸ್ಥರು ಹೇಳಿದಂತೆಯೇ ಮಾಡಿ ನೋಡಿದೆ. ಚಿಕ್ಕಮಗಳೂರಿಗೆ ಹೋದಾಗ ಮೇಲ್ ಆ್ಯಪನ್ನೇ ಫೋನಿನಿಂದ ತೆಗೆದೆ. ಎರಡನೇ ದಿನಕ್ಕೇ ಯಾರೋ ಆಯ್ಕೆಯಾದವರ ಪಟ್ಟಿಯ ಪಿಡಿಎಫ್ ಅನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದರು. ಅದರಲ್ಲಿ ಹೆಸರು ಹುಡುಕದೆ ಇರುವವರು ನಮ್ಮಲ್ಲಿ ಯಾರಿದ್ದಾರೆ? ನನ್ನ ಹೆಸರಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಕೌಂಟ್ಸ್‌ನಿಂದ ಫೋನ್, ಪ್ರಾಜೆಕ್ಟಿನ ದುಡ್ಡಿನಲ್ಲಿ ಸಂಬಳ ಪಡೆಯುವ ನಮ್ಮ ಕಿರಿಯ ಸಂಶೋಧಕಿಯ (ಜೆಆರ್‌ಎಫ್) ಬಗ್ಗೆ: “ಮೇಡಂ, ಜೆಆರ್‌ಎಫ್ ಹುಡುಗಿಯ ಆರ್ಡರ್ ಜೂನ್‌ಗೆ ಮುಗಿಯುತ್ತೆ, ಮುಂದೆ ಏನ್ಮಾಡೋಣ?” ಉಳಿದ ದಿನಗಳು ಆ ಪ್ರಶ್ನೆಗೇ ಹೋದವು.

ಮುಂದಿನ ಸಲ ಉಲ್ಟಾ ಮಾಡಿದೆ. ಲ್ಯಾಪ್‌ಟಾಪ್ ಒಯ್ದು, ರಿಜೆಕ್ಟ್ ಆದ ಅರ್ಜಿಯನ್ನು ಹೋಮ್‌ಸ್ಟೇಯಲ್ಲೇ ಕೂತು ತಿದ್ದಿದೆ. ಗಂಡ, ಮಕ್ಕಳು ಜಲಪಾತ ನೋಡಿ ಬಂದರು. ಸಿಟ್ಟಿನಲ್ಲಿ ಬರೆದ ಆ ಪ್ರತಿ ಬೇರೆ ಕಡೆಯೂ ರಿಜೆಕ್ಟ್ ಆಯಿತು. ಊರು ಬಿಡದೆ ಬೆಂಗಳೂರಿನಲ್ಲೇ ರಜೆ ಕಳೆಯುವ ಪ್ರಯೋಗವನ್ನೂ ಮಾಡಿದ್ದೇನೆ. ಬೆಳಗ್ಗೆ ಲಾಲ್‌ಬಾಗ್ ಬಂಡೆ, ಆಮೇಲೆ ಬಸವನಗುಡಿಯಲ್ಲಿ ತಿಂಡಿ ಎಂದುಕೊಂಡಿದ್ದೆ. ಊರಲ್ಲೇ ಇದ್ದಾರೆ ಎಂದು ಗೊತ್ತಾದರೆ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲಿಗೆ ಕರೆಯದೆ ಬಿಡುತ್ತಾರಾ?

ಇಷ್ಟೆಲ್ಲ ಆದ ಮೇಲೆ ನನಗೆ ಒಂದು ವಿಷಯ ಖಚಿತವಾಯಿತು. ರಜೆಯಲ್ಲಿ ನಿದ್ದೆ ಕೆಡಿಸುವುದು ಅರ್ಜಿ ಪರಿಶೀಲಿಸುವ ರಿವ್ಯೂವರ್ ಮಾತಲ್ಲ, ನಮ್ಮನ್ನು ನಂಬಿ ಬಂದ ಮಕ್ಕಳ ಸಂಬಳ. 2023ರ ಜನವರಿಯಿಂದ ಜೆಆರ್‌ಎಫ್‌ಗೆ ತಿಂಗಳಿಗೆ 37,000, ಹಿರಿಯ ಸಂಶೋಧಕರಿಗೆ (ಎಸ್‌ಆರ್‌ಎಫ್) 42,000. ಬೆಂಗಳೂರಿನ ಮನೆ ಬಾಡಿಗೆ ಭತ್ಯೆ (ಎಚ್‌ಆರ್‌ಎ) ಸೇರಿಸಿದರೆ ಇಬ್ಬರಿಗೆ ಹತ್ತಿರ ಹತ್ತಿರ ಒಂದು ಲಕ್ಷ. ಒಂದು ಅರ್ಜಿ ಬಿದ್ದು ಇನ್ನೊಂದು ಬರುವ ತನಕ ಕನಿಷ್ಠ ನಾಲ್ಕೈದು ತಿಂಗಳು ದೂಡಬೇಕು. ಅಲ್ಲಿಗೆ ನಾಲ್ಕೈದು ಲಕ್ಷ. ಈ ದುಡ್ಡಿಗೆ ದಾರಿ ಗೊತ್ತಿಲ್ಲದಿದ್ದರೆ ಎಂಥ ಸಮುದ್ರದ ಮುಂದೆ ಕೂತರೂ ಪ್ರಯೋಜನವಿಲ್ಲ.

ಹಾಗಾಗಿ ಹಾಳೆ. ರಜೆಗೆ ಎರಡು ವಾರ ಮುಂಚೆ ಅಕೌಂಟ್ಸ್‌ನಲ್ಲಿ ಕೂತು ಬರೆಸುತ್ತೇನೆ. ಈಗಿನ ಪ್ರಾಜೆಕ್ಟಿನ ಮ್ಯಾನ್‌ಪವರ್ (ಸಂಬಳದ) ಹೆಡ್‌ನಲ್ಲಿ ಎಷ್ಟು ಉಳಿದಿದೆ, ಹಣ ಬಳಕೆಯ ಪ್ರಮಾಣಪತ್ರ (ಯುಸಿ) ಹೋಗಿದೆಯಾ, ನೋ ಕಾಸ್ಟ್ ಎಕ್ಸ್‌ಟೆನ್ಷನ್‌ಗೆ (ಹೆಚ್ಚು ಹಣವಿಲ್ಲದೆ ಅವಧಿ ಮಾತ್ರ ಮುಂದುವರಿಸಲು) ಪತ್ರ ಹೋಗಿದೆಯಾ, ಕಾಲೇಜು ತಾನೇ ಸಂಶೋಧನೆಗೆ ಕೊಡುವ ಸೀಡ್ ಮನಿ ಯಾರ ಸಹಿಯಿಂದ ಬಿಡುಗಡೆ ಆಗುತ್ತದೆ, ಕನ್ಸಲ್ಟೆನ್ಸಿ ಖಾತೆಯಲ್ಲಿ ಎಷ್ಟಿದೆ. ಕೊನೆಯ ಸಾಲು ಒಂದೇ: ಇಬ್ಬರ ಸಂಬಳ ಯಾವ ತಿಂಗಳವರೆಗೆ ನಡೆಯುತ್ತದೆ. ಅದರ ಕೆಳಗೆ ಲೆಕ್ಕಾಧಿಕಾರಿಯ ಸಹಿ. ಸಹಿ ಇಲ್ಲದಿದ್ದರೆ ಅದು ಬರೀ ಆಸೆ.

ಕನ್ಸಲ್ಟೆನ್ಸಿ ಖಾತೆಯ ಬಗ್ಗೆ ಸ್ವಲ್ಪ ಹೇಳಲೇಬೇಕು, ಅದು ನನಗೆ ತುಂಬ ಹೆಮ್ಮೆಯ ವಿಷಯ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಅಪಾರ್ಟ್‌ಮೆಂಟಿನವರು ಟ್ಯಾಂಕರ್ ನೀರು ಕುಡಿಯಬಹುದಾ ಎಂದು ಕೇಳಿಕೊಂಡು ಬಂದರು. ಲೋಹದ ಅಂಶ ಅಳೆಯುವ ನಮ್ಮ ಎಎಎಸ್ ಯಂತ್ರ ಹೇಗೂ ಖಾಲಿ ಇತ್ತು. ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಅಂಶ), ಗಡಸುತನ, ನೈಟ್ರೇಟ್, ಜೊತೆಗೆ ಸೀಸ, ಕ್ಯಾಡ್ಮಿಯಂ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ ಟಿಡಿಎಸ್ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 2000ದವರೆಗೆ. ನೈಟ್ರೇಟ್ 45, ಸೀಸ 0.01 ದಾಟಬಾರದು. ಪರೀಕ್ಷಾ ಲ್ಯಾಬ್‌ಗಳಿಗೆ ಕೊಡುವ ಎನ್‌ಎಬಿಎಲ್ ಮಾನ್ಯತೆ ನಮಗೆ ಇಲ್ಲ, ಆದ್ದರಿಂದ ‘ಮಾಹಿತಿಗಾಗಿ ಮಾತ್ರ’ ಎಂದು ಮೇಲೆಯೇ ಮುದ್ರಿಸಿ ಕೊಟ್ಟೆವು. ಸ್ಯಾಂಪಲ್‌ಗೆ 1,800 ರೂಪಾಯಿಯಂತೆ ಆ ಬೇಸಿಗೆಯಲ್ಲಿ ಇನ್ನೂರರ ಆಸುಪಾಸು ಬಂದವು. ಕಾಲೇಜಿನ ಪಾಲು ಕಳೆದು ನಮಗೆ ಎರಡು ಲಕ್ಷ ಉಳಿಯಿತು. ನೈಟ್ರೇಟ್ ಜಾಸ್ತಿ ಇದ್ದ ಬೋರ್‌ವೆಲ್‌ಗಳನ್ನು ನಕ್ಷೆಯಲ್ಲಿ ಗುರುತಿಸಿದ್ದೇವೆ. ಅದೇ ಬೇರೆ ಪ್ರಾಜೆಕ್ಟ್ ಆಗುವಷ್ಟಿದೆ, ಇನ್ನೊಮ್ಮೆ ಬರೆಯುತ್ತೇನೆ.

ಇನ್ನು ರಜೆಯಲ್ಲಿ ನಡೆಯುವುದು. ಅರ್ಜಿ ಹಾಕಿದ ಪೋರ್ಟಲ್‌ಗಳಿಂದ ಬರುವ ಮೇಲ್ ಸದ್ದಿಲ್ಲದೆ ಒಂದು ಫೋಲ್ಡರಿಗೆ ಹೋಗುವಂತೆ, ಜೊತೆಗೆ ಗಣಿತ ವಿಭಾಗದ ಗೆಳತಿಗೆ ಫಾರ್ವರ್ಡ್ ಆಗುವಂತೆ ಮಾಡಿದ್ದೇನೆ. ಅವರ ಮೇಲ್ ನನಗೆ ಬರುತ್ತದೆ. ಲಾಗಿನ್‌ಗೆ ಓಟಿಪಿ ನನ್ನ ಫೋನಿಗೇ ಬರುವುದರಿಂದ ಅವರು ರಿವ್ಯೂವರ್‌ಗಳ ಕಾಮೆಂಟ್ ತೆರೆಯಲಾರರು, ತೆರೆಯಬೇಕಾಗಿಯೂ ಇಲ್ಲ. ಉತ್ತರಕ್ಕೆ ಗಡುವು ಇದೆಯಾ ಇಲ್ಲವಾ, ಇಷ್ಟನ್ನು ಮಾತ್ರ ಹೇಳಬೇಕು. ಗಡುವು ಇಲ್ಲದಿದ್ದರೆ ಆ ದಿನ ನಾನು ಏನೂ ಓದುವುದಿಲ್ಲ, ಲ್ಯಾಬಿನ ಹುಡುಗಿಗೆ ಒಂದು ಫೋನ್ ಮಾತ್ರ ಮಾಡುತ್ತೇನೆ. ಈ ಸಲ ಗೋಕರ್ಣದಿಂದ ಮಾಡಿದ್ದು ಹೀಗೆ:

“ಪ್ರಾಜೆಕ್ಟ್ ಆಗಲಿಲ್ಲಮ್ಮ. ನಿಮ್ಮಿಬ್ಬರ ಸಂಬಳ ಅಕ್ಟೋಬರ್‌ವರೆಗೆ ಇದೆ, ಸಹಿ ಆಗಿದೆ.”

“ಸರಿ ಮೇಡಂ. ಹಾಗಾದ್ರೆ ಜಕ್ಕೂರು ಸ್ಯಾಂಪಲ್ ಡೈಜೆಶನ್‌ಗೆ (ಆಸಿಡ್‌ನಲ್ಲಿ ಕರಗೋಕೆ) ಹಾಕ್ಲಾ?”

ಅವಳಿಗೆ ಬೇರೆಯವರಿಂದ ಗೊತ್ತಾಗುವ ಮುಂಚೆ ನಾನೇ ಹೇಳಬೇಕು. ಕೈಯಲ್ಲಿ ತಿಂಗಳ ಹೆಸರು ಇಲ್ಲದೆ ಮಾತ್ರ ಫೋನ್ ಮಾಡಬಾರದು.

ಮರುದಿನ ತಿಂಡಿ ಆದ ಮೇಲೆ ಕಾಮೆಂಟುಗಳನ್ನು ಡೌನ್‌ಲೋಡ್ ಮಾಡಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಫೋನಿನಲ್ಲಿ ಓದಿದರೆ ಅಲ್ಲೇ ಉತ್ತರ ಟೈಪ್ ಮಾಡಬೇಕು ಅನಿಸುತ್ತದೆ. ಕಾಗದದ ಮೇಲೆ ಪೆನ್ನಿನಿಂದ ಮೂರು ಗುರುತು. ಹೊಸ ಡೇಟಾ ಕೊಟ್ಟರೆ ಸರಿಹೋಗುವ ಮಾತಿಗೆ ಟಿಕ್. ಅರ್ಜಿಯಲ್ಲಿ ಇದ್ದೂ ಅವರ ಕಣ್ಣಿಗೆ ಬೀಳದ್ದಕ್ಕೆ ಸುತ್ತು. ‘ಸಂಸ್ಥೆಯಲ್ಲಿ ಸೌಲಭ್ಯ ಸಾಲದು’ ಎಂಬಂಥ, ನಮ್ಮ ಕೈಯಲ್ಲಿಲ್ಲದ ಮಾತಿಗೆ ಅಡ್ಡಗೆರೆ. ಮುಕ್ಕಾಲು ಗಂಟೆ ಸಾಕು. ಅಡ್ಡಗೆರೆ ಜಾಸ್ತಿ ಇದ್ದರೆ ಅದೇ ಬಾಗಿಲಿಗೆ ಮತ್ತೆ ಹೋಗುವುದು ಬೇಡ. ಸುತ್ತು ಜಾಸ್ತಿ ಇದ್ದರೆ ಪ್ರಯೋಗ ಮುಟ್ಟಬೇಡಿ, ಮೊದಲ ಪುಟ ಬದಲಾಯಿಸಿ. ನಮಗೆ ಒಬ್ಬರು ಬಜೆಟ್ ಅತಿಯಾಯಿತು ಎಂದಿದ್ದರು, ಇನ್ನೊಬ್ಬರು ಇಷ್ಟರಲ್ಲಿ ಕೆಲಸ ಮುಗಿಯದು ಎಂದಿದ್ದರು. ಇಂಥ ಜೋಡಿಯನ್ನು ಎರಡನ್ನೂ ಬಿಟ್ಟುಬಿಡುತ್ತೇನೆ. ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಎನ್‌ಐಎಚ್‌ಗೆ ಬಂದಿದ್ದ 25 ಅರ್ಜಿಗಳನ್ನು 43 ರಿವ್ಯೂವರ್‌ಗಳಿಗೆ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಬಂತು. ಒಂದೇ ಅರ್ಜಿಯ ಬಗ್ಗೆ ಅವರಲ್ಲಿ ಒಮ್ಮತವೇ ಇರಲಿಲ್ಲ ಎನ್ನಬಹುದು. ಅದನ್ನು ಓದಿದ ಮೇಲೆ ನನ್ನ ಮನಸ್ಸು ಎಷ್ಟೋ ಹಗುರಾಯಿತು.

ಆ ಕಾಗದ ಮಡಚಿ ಬ್ಯಾಗಿನ ತಳಕ್ಕೆ ಸೇರಿತು. ಬೆಂಗಳೂರಿಗೆ ವಾಪಸ್ ಬರುವ ತನಕ ಅರ್ಜಿಯನ್ನು ಮುಟ್ಟಲಿಲ್ಲ. ಇನ್ನೂ ಮೂರು ದಿನ ಇದ್ದೆವು, ಮಕ್ಕಳ ಜೊತೆ ಓಂ ಬೀಚಿನಿಂದ ಹಾಫ್ ಮೂನ್‌ವರೆಗೆ ನಡೆದೂ ಹೋದೆವು.

ಬಂದ ಮೇಲೆ ಮೊದಲ ಪುಟ ಪೂರ್ತಿ ಹೊಸದಾಗಿ ಬರೆದೆ. ಆ ಪುಟದ ಮೊದಲ ಹತ್ತು ಸಾಲನ್ನು ಹೇಗೆ ಕಟ್ಟುತ್ತೇನೆ, ಕಳಿಸುವ ಮುಂಚೆ ಯಾರಿಗೆ ಓದಲು ಕೊಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಏಕೆಂದರೆ ನನ್ನ ಇನ್ನೊಂದು ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ರಿಜೆಕ್ಟ್ ಆದ ಅರ್ಜಿಯನ್ನು ಪ್ರಯೋಗಗಳನ್ನು ಹಾಗೆಯೇ ಇಟ್ಟು ಬೇರೆ ಸಂಸ್ಥೆಗೆ ಕಳಿಸಿದೆ. ಕೇಳಿದ್ದು ನಲವತ್ತೊಂದು ಲಕ್ಷದ ಹತ್ತಿರ, ಸ್ಯಾಂಕ್ಷನ್ ಆಗಿದ್ದು ಮೂವತ್ತೆರಡು ಇರಬೇಕು. ಟ್ರಾವೆಲ್ ಹೆಡ್‌ಗೆ ಕತ್ತರಿ ಬಿತ್ತು, ಮ್ಯಾನ್‌ಪವರ್ ಉಳಿಯಿತು. ಆರ್ಡರ್ ಬಂದಾಗ ಹಾಳೆಯ ಪ್ರಕಾರ ಇನ್ನೂ ಒಂದು ತಿಂಗಳ ಸಂಬಳಕ್ಕೆ ದುಡ್ಡು ಉಳಿದಿತ್ತು. ಅಸ್ತು ದೇವತೆಗಳ ಮಾತಾಡಿದ ಹಿರಿಯರು ಮೊನ್ನೆ ಡಿಸೆಂಬರ್ ರಜೆಗೆ ಮುಂಚೆ ಬಂದು, ಸೀಡ್ ಮನಿಯ ಕಾಲಂ ಹೇಗೆ ತುಂಬಬೇಕು ಎಂದು ಕೇಳಿ ಬರೆದುಕೊಂಡು ಹೋದರು.