ಮಲೆನಾಡಿನ ಥಂಡಿಯಲ್ಲಿ ಹಳೆಯ ತಿರುಗುದೀಪ: ನಾನು ಸರಿಮಾಡುವ ಬಗೆ

ಹಳೆಯ ಲೈಟ್‌ಬಾರ್, ಅಂದರೆ ಆಂಬುಲೆನ್ಸ್, ಪೊಲೀಸ್ ಗಾಡಿಗಳ ನೆತ್ತಿಯ ಮೇಲೆ ಸುತ್ತುವ ದೀಪದ ಪಟ್ಟಿ, ಕೈಗೆ ಬಂದ ಕೂಡಲೇ ಬ್ಯಾಟರಿಗೆ ಕೊಟ್ಟು ನೋಡುವ ಆಸೆಯಾಗುತ್ತದೆ. ಕೊಡಬೇಡಿ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ದೀಪದಲ್ಲಿ ಬಲ್ಬ್ ಹತ್ತುತ್ತದೆ, ಮೋಟರ್ ತಿರುಗುವುದಿಲ್ಲ. ಆಗ 55 ವಾಟ್ ಹ್ಯಾಲೊಜನ್ ಬಲ್ಬಿನ ಬಿಸಿಯನ್ನು ರಿಫ್ಲೆಕ್ಟರ್ (ಬೆಳಕನ್ನು ಒಂದು ಕಡೆಗೆ ದೂಡುವ ಹೊಳಪಿನ ಬಟ್ಟಲು) ಡೋಮಿನ, ಅಂದರೆ ಹೊರಗಿನ ಬಣ್ಣದ ಮುಚ್ಚಳದ, ಒಂದೇ ಜಾಗಕ್ಕೆ ಹೊಡೆಯುತ್ತದೆ. ಪ್ಲಾಸ್ಟಿಕ್ ಅಲ್ಲಿ ಮೆತ್ತಗಾಗಿ ಉಬ್ಬಿಕೊಳ್ಳುತ್ತದೆ, ಹಾಗೆ ಉಬ್ಬಿದ ಡೋಮ್ ಮತ್ತೆ ಸರಿಹೋಗುವುದಿಲ್ಲ. ಮೊದಲು ಬಲ್ಬ್ ತೆಗೆದಿಡಬೇಕು. ಮೋಟರ್ ನಿಲ್ಲದೆ ಅರ್ಧ ಗಂಟೆ ತಿರುಗಿದ ಮೇಲೆಯೇ ಬಲ್ಬ್ ಹಾಕುವುದು. ಈ ಕೆಲಸದಲ್ಲಿ ನಾನು ಎಂದೂ ಬಿಡದ ಕ್ರಮ ಇದು.

ಈಗಿನ ಎಲ್‌ಇಡಿ ಬಾರ್ ಇದ್ದಲ್ಲೇ ಆರಿ ಹತ್ತುತ್ತದೆ. ಹಳೆಯದರಲ್ಲಿ ಬೆಳಕಿನ ಕೋಲು ನಿಜವಾಗಿ ಸುತ್ತು ಹಾಕುತ್ತದೆ. ಗೋಡೆ, ಅಡಿಕೆ ಮರ, ಮಾಡಿನ ಹೆಂಚು ಒಂದಾದ ಮೇಲೊಂದು ಬೆಳಗಿ ಕತ್ತಲಾಗುತ್ತವೆ. ಆಗುಂಬೆ ಘಾಟಿಯ ಮಂಜಿನಲ್ಲಿ ಇದರ ಗುಣ ಚೆನ್ನಾಗಿ ತಿಳಿಯುತ್ತದೆ. ತಿರುವಿನಾಚೆಯ ಗಾಡಿ ಕಾಣುವ ಮೊದಲೇ ಬೆಳಕು ಮಂಜನ್ನು ಗುಡಿಸಿಕೊಂಡು ಬರುತ್ತದೆ, ಕತ್ತಲಲ್ಲಿ ಸೂಡಿ ಬೀಸಿಕೊಂಡು ಬರುವವರು ದೂರದಿಂದ ಗೊತ್ತಾಗುವ ಹಾಗೆ. ಎಷ್ಟು ದೂರ, ಯಾವ ಕಡೆಯಿಂದ ಎಂಬುದು ಕಣ್ಣಿಗೆ ತಾನಾಗಿ ಹೊಳೆಯುತ್ತದೆ. ಆ ಚಲನೆ ಉಳಿಯಬೇಕು ಎನ್ನುವುದಕ್ಕಾಗಿಯೇ ಮುಂದಿನ ಕೆಲಸವೆಲ್ಲ.

ಒಳಗಿನ ರಚನೆಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಜರ್ಮನಿಯ ಹೆಲ್ಲಾ ಕಂಪನಿಯಂಥವರ ಯುರೋಪಿಯನ್ ಮಾದರಿ: ಎಚ್1 ಎಂಬ ಬಗೆಯ ಹ್ಯಾಲೊಜನ್ ಬಲ್ಬ್ ನಡುವೆ ನೆಟ್ಟಗೆ ನಿಂತಿರುತ್ತದೆ, ಬಾಗಿದ ರಿಫ್ಲೆಕ್ಟರ್ ಅದರ ಸುತ್ತ ತಿರುಗುತ್ತದೆ. ನಮ್ಮಲ್ಲಿ ಸಿಗುವ ಆಂಬುಲೆನ್ಸ್, ಜೀಪಿನ ದೀಪಗಳಲ್ಲಿ ಹೆಚ್ಚಿನವು ಇದೇ ಬಗೆ. ಇನ್ನೊಂದು ಹಳೆಯ ಅಮೆರಿಕನ್ ಮಾದರಿ: ಸೀಲ್ಡ್ ಬೀಮ್ ದೀಪಗಳೇ (ಗಾಜು, ರಿಫ್ಲೆಕ್ಟರ್, ತಂತಿ ಒಂದೇ ತುಂಡಾಗಿರುವಂಥವು) ಬೆನ್ನಿಗೆ ಬೆನ್ನು ಕೊಟ್ಟು ತಿರುಗುತ್ತವೆ, ಕರೆಂಟ್ ಸ್ಲಿಪ್ ರಿಂಗ್, ಅಂದರೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಉಂಗುರದ ಮೂಲಕ ಹೋಗುತ್ತದೆ. ಶಿಕಾಗೋದಲ್ಲಿ ಶುರುವಾದ ಫೆಡರಲ್ ಸಿಗ್ನಲ್ ಕಂಪನಿಯ ಟ್ವಿನ್‌ಸಾನಿಕ್ ಬಾರ್ ಆ ದೇಶದ ಪೊಲೀಸ್ ಕಾರುಗಳ ಗುರುತೇ ಆಗಿತ್ತು: ಎರಡು ತುದಿಗೆ ದೀಪ, ನಡುವೆ ಸೈರನ್ನಿನ ಸ್ಪೀಕರ್. ಒಳಗೆ ಓರೆಯಾಗಿ ಕೂರಿಸಿದ ಕನ್ನಡಿಗಳಿರುವ ಬಾರ್‌ಗಳಲ್ಲಿ ಸುತ್ತುವ ಬೆಳಕು ಕನ್ನಡಿಗೂ ಬಡಿದು ಒಂದು ಸುತ್ತಿಗೆ ಒಂದಕ್ಕಿಂತ ಹೆಚ್ಚು ಮಿಂಚು ಕೊಡುತ್ತದೆ. ಆ ಕನ್ನಡಿಗಳ ಕೋನ ಕದಲಿಸಬಾರದು. ಬಿಚ್ಚುವ ಮೊದಲು ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಳ್ಳಿ.

2017ರ ಮೇ 1ರಿಂದ ಮಂತ್ರಿ, ಅಧಿಕಾರಿಗಳ ಕಾರಿನ ಕೆಂಪುದೀಪ ರದ್ದಾಯಿತು. ಗೂಟದ ಕಾರಿನ ಗೂಟಗಳು ಗುಜರಿ ಅಂಗಡಿಗೆ ಬರತೊಡಗಿದವು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ವಿಚಾರಿಸಿದರೆ ಈಗಲೂ ಒಂದೊಂದು ಸಿಗುತ್ತದೆ. ಕೊಳ್ಳುವಾಗ ರಸೀದಿ ಕೇಳಿ ಪಡೆಯಬೇಕು. ಆಮೇಲೆ ಬಲ್ಬಿನ ಮೇಲಿನ ಬರಹ ಓದಬೇಕು: 12 ವೋಲ್ಟ್ 55 ವಾಟೋ, 24 ವೋಲ್ಟ್ 70 ವಾಟೋ. ಅಗ್ನಿಶಾಮಕ ಗಾಡಿಗಳಿಂದ ಬಂದವು ಸಾಮಾನ್ಯವಾಗಿ 24 ವೋಲ್ಟಿನವು. ಅವುಗಳ ಮೋಟರನ್ನು 12ರಲ್ಲಿ ಓಡಿಸಿದರೆ ತೆವಳುತ್ತದೆ, 12ರದ್ದನ್ನು 24ಕ್ಕೆ ಕೊಟ್ಟರೆ ಸುಡುತ್ತದೆ. ಬಲ್ಬನ್ನು ಯಾರಾದರೂ ಬದಲಿಸಿರಬಹುದಾದ್ದರಿಂದ ಮೋಟರಿನ ಮೇಲಿನ ಅಂಕಿಯನ್ನೇ ನಂಬಿ.

ಬಿಚ್ಚುವಾಗ ಮೊದಲ ತಡೆ ಸ್ಕ್ರೂಗಳದು. ಅಲ್ಯೂಮಿನಿಯಂ ತಳಕ್ಕೆ ಕಬ್ಬಿಣದ ಸ್ಕ್ರೂ, ಮೇಲಿಂದ ನಾಲ್ಕು ತಿಂಗಳ ಮಳೆ. ಎರಡು ಲೋಹದ ನಡುವೆ ಬಿಳಿ ಪುಡಿ ಬೆಳೆದು ಸ್ಕ್ರೂ ಕಚ್ಚಿಕೊಂಡಿರುತ್ತದೆ. ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಎಣ್ಣೆ ಮತ್ತು ಸೀಮೆಎಣ್ಣೆ ಸಮಸಮ ಬೆರೆಸಿ, ಸಣ್ಣ ಬ್ರಷ್ಷಿನಲ್ಲಿ ಸ್ಕ್ರೂವಿನ ಬುಡಕ್ಕಷ್ಟೇ ಮುಟ್ಟಿಸಿ ರಾತ್ರಿಯಿಡೀ ಬಿಡುತ್ತೇನೆ. ಡೋಮಿಗೆ ತಾಗದಂತೆ ಎಚ್ಚರ. ಮರುದಿನ ಬಿಸಿಯಾದ ಸೋಲ್ಡರಿಂಗ್ ಐರನ್ನನ್ನು ಸ್ಕ್ರೂವಿನ ತಲೆಗೆ ಒಂದು ನಿಮಿಷ ಒತ್ತಿ ಹಿಡಿದು, ಮೊದಲು ಬಿಗಿ ಮಾಡುವ ದಿಕ್ಕಿಗೆ ಸ್ವಲ್ಪ ಅಲುಗಿಸಿ, ಆಮೇಲೆ ಬಿಚ್ಚಬೇಕು. ತಿರುಗಿ ಹಾಕುವಾಗ ಅದೇ ಅಳತೆಯ ಸ್ಟೇನ್‌ಲೆಸ್ ಸ್ಕ್ರೂ, ಎಳೆಗೆ ಗ್ರೀಸ್, ತಲೆಯಡಿ ನೈಲಾನ್ ವಾಷರ್. ಸ್ಟೇನ್‌ಲೆಸ್ ಎಂದು ಗ್ರೀಸ್ ಬಿಟ್ಟರೆ ಅಲ್ಯೂಮಿನಿಯಂ ಮತ್ತೆ ತಿನ್ನಿಸಿಕೊಳ್ಳುತ್ತದೆ.

ಮೋಟರಿನಲ್ಲಿ ಕೆಡುವುದು ಮುಖ್ಯವಾಗಿ ಎರಡು: ಬುಷ್ಷಿನ (ತಿರುಗುವ ದಂಡ ಕೂರುವ ಲೋಹದ ಬಳೆ) ಎಣ್ಣೆ ಒಣಗಿ ಅಂಟಾಗುತ್ತದೆ, ಕಮ್ಯುಟೇಟರ್ (ಕಾರ್ಬನ್ ಬ್ರಷ್ಷಿನಿಂದ ಕರೆಂಟ್ ಪಡೆಯುವ ತಾಮ್ರದ ಪಟ್ಟಿಗಳ ಉರುಳೆ) ಕಪ್ಪಾಗುತ್ತದೆ. ಹಳೆಯ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು ತೆಗೆದು, ಬುಷ್ಷಿಗೆ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಎರಡನೇ ಹನಿ ಕಾರ್ಬನ್ ಬ್ರಷ್ಷಿಗೆ ಹರಿದು ಕೆಸರಾಗುತ್ತದೆ. ಕೈಗೆ ಸಿಕ್ಕಿತೆಂದು ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ತೀರ್ಥಹಳ್ಳಿಯ ಡಿಸೆಂಬರ್ ರಾತ್ರಿಯಲ್ಲಿ ಆ ಮೋಟರ್ ಜಪ್ಪಯ್ಯ ಅಂದರೂ ಏಳುವುದಿಲ್ಲ. ಕಮ್ಯುಟೇಟರನ್ನು ಕಪ್ಪು ವಾಟರ್ ಪೇಪರಿನಿಂದ ತಿಕ್ಕಬಾರದು, ಅದರ ಗಡುಸು ಕಣ ತಾಮ್ರದಲ್ಲಿ ಹೂತು ಕಾರ್ಬನ್ನನ್ನು ತಿನ್ನುತ್ತದೆ. ಮರಕ್ಕೆ ಬಳಸುವ ಅಲ್ಯೂಮಿನಿಯಂ ಆಕ್ಸೈಡ್ ಪೇಪರಿನ ನಯವಾದ ಪಟ್ಟಿಯೊಂದನ್ನು ಸುತ್ತಿ, ಆರ್ಮೇಚರನ್ನು, ಅಂದರೆ ಮೋಟರಿನ ತಿರುಗುವ ಭಾಗವನ್ನು, ಬೆರಳಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ಸಾಕು. ಆಮೇಲೆ ತಾಮ್ರದ ಪಟ್ಟಿಗಳ ನಡುವಿನ ಗೀರುಗಳಿಂದ ಪುಡಿಯನ್ನು ಬಿದಿರುಕಡ್ಡಿಯಲ್ಲಿ ಕೆರೆದು ತೆಗೆಯಬೇಕು. ಇದನ್ನು ಮರೆತರೆ ಪಟ್ಟಿಯಿಂದ ಪಟ್ಟಿಗೆ ಕಿಡಿ ಹಾರುತ್ತದೆ. ಜೋಡಿಸಿದ ಮೇಲೆ ಮಲ್ಟಿಮೀಟರನ್ನು ಸರಣಿಯಲ್ಲಿಟ್ಟು ನೋಡಿ. ಬಲ್ಬಿಲ್ಲದೆ 12 ವೋಲ್ಟಿನ ಸಣ್ಣ ಮೋಟರ್ ಅರ್ಧ ಆಂಪಿಯರಿನ ಒಳಗೆ ಓಡಬೇಕು. ಒಂದು ಆಂಪಿಯರ್ ದಾಟಿದರೆ ಎಲ್ಲೋ ಬಿಗಿ ಇದೆ.

ರಬ್ಬರ್ ಚಕ್ರ ಒತ್ತಿ ತಿರುಗಿಸುವ ಮಾದರಿಗಳಲ್ಲಿ ಮೋಟರ್ ಓಡಿದರೂ ರಿಫ್ಲೆಕ್ಟರ್ ತಡೆತಡೆದು ಸುತ್ತುತ್ತದೆ. ರಬ್ಬರ್ ಗಡುಸಾಗಿ ಹೊಳಪು ಬಂದಿರುತ್ತದೆ. ಹೈಡ್ರಾಲಿಕ್ ಸಾಮಾನಿನ ಅಂಗಡಿಯಲ್ಲಿ ಅದೇ ದಪ್ಪದ ನೈಟ್ರೈಲ್ ರಬ್ಬರಿನ ಬಳೆ (ಓ-ರಿಂಗ್) ಸಿಗುತ್ತದೆ. ಬೆಲ್ಟ್ ಇದ್ದರೆ ಹಳೆಯ ಟೇಪ್ ರೆಕಾರ್ಡರಿನ ಚೌಕ ಬೆಲ್ಟ್ ನಡೆಯುತ್ತದೆ. ದಾರದಲ್ಲಿ ಎರಡು ಪುಲ್ಲಿಯ ಸುತ್ತಳತೆ ತೆಗೆದು, ಅದಕ್ಕಿಂತ ನೂರಕ್ಕೆ ಎಂಟು ಹತ್ತರಷ್ಟು ಚಿಕ್ಕದನ್ನು ಹಾಕಿ. ಇನ್ನೂ ಬಿಗಿ ಮಾಡಿದರೆ ಬುಷ್ ಒಂದೇ ಬದಿಗೆ ಸವೆಯುತ್ತದೆ. ಗೇರಿನ ಹಲ್ಲು ಹೋಗಿದ್ದರೆ ಲೇತ್‌ನವರಿಗೆ ಎರಡು ಅಂಕಿ ಬೇಕು: ಹೊರವ್ಯಾಸ, ಹಲ್ಲುಗಳ ಸಂಖ್ಯೆ. ಹಲ್ಲಿನ ಸಂಖ್ಯೆಗೆ 2 ಸೇರಿಸಿ, ಆ ಮೊತ್ತದಿಂದ ಹೊರವ್ಯಾಸವನ್ನು ಭಾಗಿಸಿದರೆ ಸಾಮಾನ್ಯ ನೇರ ಹಲ್ಲಿನ ಗೇರಿನ ಮಾಡ್ಯೂಲ್, ಅಂದರೆ ಹಲ್ಲಿನ ಗಾತ್ರದ ಅಳತೆ, ಸಿಗುತ್ತದೆ. 48 ಹಲ್ಲು, 25 ಮಿ.ಮೀ. ಇದ್ದರೆ 0.5. ಸ್ಕ್ರೂವಿನಂಥ ಎಳೆಯಿಂದ ತಿರುಗುವ ವರ್ಮ್ ಗೇರಾದರೆ ಲೆಕ್ಕ ನೆಚ್ಚದೆ ಮೂಲ ಗೇರನ್ನೇ ಕೈಗೆ ಕೊಡಿ. ತ್ರೀಡಿ ಪ್ರಿಂಟ್ ಮಾಡಿಸುವುದಾದರೆ ನೈಲಾನ್ ಕೇಳಿ. ಪ್ರಿಂಟಿಗೆ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ, ಡೋಮಿನ ಒಳಗಿನ ಬಿಸಿಗೆ ಅದು ನಿಲ್ಲುವುದಿಲ್ಲ.

ಈಗ ರಿಫ್ಲೆಕ್ಟರ್. ಹಳೆಯ ದೀಪಗಳು ಹೆಚ್ಚು ಹಾಳಾಗುವುದು ಇಲ್ಲಿ, ಅದೂ ಒರೆಸುವ ಬಟ್ಟೆಯಿಂದ. ಪ್ಲಾಸ್ಟಿಕ್ಕಿನ ಮೇಲೆ ಅಲ್ಯೂಮಿನಿಯಂ ಆವಿ ಹಿಡಿಸಿದ ಪದರ ಒಂದು ಮೈಕ್ರಾನ್‌ನಷ್ಟೂ ದಪ್ಪವಿರುವುದಿಲ್ಲ. ಒಣ ಬಟ್ಟೆಯಲ್ಲಿ ಒಮ್ಮೆ ಉಜ್ಜಿದರೆ ಬೂಷ್ಟಿನ ಜೊತೆ ಹೊಳಪೂ ಹೋಗುತ್ತದೆ. ನಾನು ಮಾಡುವುದು ಹೀಗೆ: ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ ಲೀಟರ್, ಅದಕ್ಕೆ ಮಕ್ಕಳ ಶಾಂಪೂ ಎರಡು ಹನಿ. ರಿಫ್ಲೆಕ್ಟರನ್ನು ಹತ್ತು ನಿಮಿಷ ಮುಳುಗಿಸಿಟ್ಟು, ನೀರಿನೊಳಗೇ ಮೆತ್ತನೆಯ ಬಣ್ಣದ ಬ್ರಷ್ಷನ್ನು ಭಾರ ಹಾಕದೆ ಆಡಿಸಬೇಕು. ಶುದ್ಧ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೆ ಅದ್ದಿ, ಅಂಚಿನ ಮೇಲೆ ನಿಲ್ಲಿಸಿದರೆ ನೀರು ತಾನೇ ಜಾರಿ ಇಳಿಯುತ್ತದೆ. ಬಾವಿ ನೀರಾದರೆ ಒಣಗಿದಲ್ಲೆಲ್ಲ ಬಿಳಿ ಚುಕ್ಕೆ ಉಳಿಯುತ್ತದೆ.

ಪದರವೇ ಎದ್ದುಹೋಗಿದ್ದರೆ ಬೆಂಗಳೂರಿನಲ್ಲಿ ಹೆಡ್‌ಲೈಟ್ ರಿಫ್ಲೆಕ್ಟರ್‌ಗಳಿಗೆ ವ್ಯಾಕ್ಯೂಮ್ ಮೆಟಲೈಜಿಂಗ್ ಮಾಡುವವರಿಗೆ, ಅಂದರೆ ಅಲ್ಯೂಮಿನಿಯಂ ಆವಿಯ ಪದರ ಹಿಡಿಸುವವರಿಗೆ, ಕಳಿಸುವುದೇ ದಾರಿ. ಕ್ರೋಮ್ ಸ್ಪ್ರೇ ಡಬ್ಬಿ ಕೈಗೆತ್ತಿಕೊಳ್ಳಬೇಡಿ. ಅದು ಕಣ್ಣಿಗೆ ಹೊಳೆದರೂ ಬೆಳಕನ್ನು ಎಲ್ಲ ಕಡೆ ಚೆದುರಿಸುತ್ತದೆ. ಕೋಲಿನಂತೆ ಹೋಗಬೇಕಾದದ್ದು ಮಬ್ಬು ಮಿಣುಕಾಗಿಬಿಡುತ್ತದೆ. ಕ್ರೋಮ್ ಪ್ಲೇಟಿಂಗ್ ಸಹ ಬೇಡ, ಅಲ್ಯೂಮಿನಿಯಂನಷ್ಟು ಬೆಳಕನ್ನು ಅದು ಮರಳಿಸುವುದಿಲ್ಲ.

ಬಲ್ಬ್ ಕೂತ ಜಾಗವೂ ಅಷ್ಟೇ ಮುಖ್ಯ. ಎಚ್1ರ ತಂತಿ ರಿಫ್ಲೆಕ್ಟರಿನ ನಾಭಿಯಲ್ಲೇ ಇರಬೇಕು. ಬಾರನ್ನು ಮಟ್ಟವಾಗಿಟ್ಟು 5 ಮೀಟರ್ ದೂರದ ಗೋಡೆಗೆ ಬೆಳಕು ಬಿಡಿ. ಬೆಳಕಿನ ಮಚ್ಚೆ ದೀಪದ ಎತ್ತರದಲ್ಲೇ ಹಾದುಹೋಗಬೇಕು. ಮೇಲೆ ಕೆಳಗೆ ಹೋದರೆ ಬಲ್ಬಿನ ಕ್ಲಿಪ್ ಬಾಗಿದೆ, ಇಲ್ಲವೇ ಬುಡದ ತಗಡಿನಡಿ ತುಕ್ಕು ಕೂತಿದೆ. ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಎಲ್‌ಇಡಿ ಬಲ್ಬನ್ನು ಇದರೊಳಗೆ ತೂರಿಸುವುದನ್ನು ನಾನು ಒಪ್ಪುವುದಿಲ್ಲ. ಅದರ ಎಲ್‌ಇಡಿ ಚಿಪ್‌ಗಳು ಎರಡು ಬದಿಗಷ್ಟೇ ಬೆಳಕು ಬಿಡುವುದರಿಂದ ರಿಫ್ಲೆಕ್ಟರ್ ಸುತ್ತುವಾಗ ಮಿಂಚು ಒಮ್ಮೆ ಜೋರು ಒಮ್ಮೆ ಮಂಕಾಗುತ್ತದೆ. ಹ್ಯಾಲೊಜನ್ ಬೆಳಕಿನಲ್ಲಿ ಕೆಂಪು ಧಾರಾಳವಾಗಿದೆ, ಕೆಂಪು ಡೋಮಿನಿಂದ ಅದು ತುಂಬಿ ಬರುತ್ತದೆ. ನೀಲಿ ಡೋಮ್ ಅದೇ ಬೆಳಕಿನ ಬಹುಪಾಲನ್ನು ನುಂಗುತ್ತದೆ; ಹಾಗಾಗಿ ನೀಲಿ ದೀಪ ಕೆಂಪಿಗಿಂತ ಮಂದವಾಗಿ ಕಂಡರೆ ಮೋಟರನ್ನೋ ವೈರನ್ನೋ ದೂರಬೇಡಿ.

ಸ್ಲಿಪ್ ರಿಂಗ್ ಇರುವ ಮಾದರಿಗಳಲ್ಲಿ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿರುತ್ತದೆ. ಮನೆಯ ಪಾತ್ರೆಗೆ ಮಾಡುವಂತೆ ಹುಣಸೆಹಣ್ಣಿಗೆ ಉಪ್ಪು ಸೇರಿಸಿ ತಿಕ್ಕಿದರೆ ಅಂದಿಗೆ ಫಳಫಳ ಅನ್ನುತ್ತದೆ, ಆದರೆ ಸಂದಿಯಲ್ಲಿ ಉಳಿದ ಉಪ್ಪು ಮುಂದಿನ ಮಳೆಗಾಲಕ್ಕೆ ಇಮ್ಮಡಿ ಕಿಲುಬು ತರಿಸುತ್ತದೆ. ಬರೀ ಹುಣಸೆ ರಸ, ಆಮೇಲೆ ಅಡುಗೆ ಸೋಡಾ ಬೆರೆಸಿದ ನೀರು, ಕೊನೆಗೆ ಡಿಸ್ಟಿಲ್ಡ್ ನೀರು, ಇಷ್ಟೇ ಸಾಕು. ಬಲ್ಬ್ ಉರಿಯುವಾಗ ಬ್ರಷ್‌ಗೂ ರಿಂಗಿಗೂ ನಡುವಿನ ವೋಲ್ಟೇಜ್ ಅಳೆಯಿರಿ. 0.2 ವೋಲ್ಟಿಗಿಂತ ಹೆಚ್ಚಿದ್ದರೆ ಬ್ರಷ್ಷಿನ ಸ್ಪ್ರಿಂಗ್ ಸೋತಿದೆ.

ಡೋಮನ್ನು ಅಂಟುವಾಳದ ನೊರೆಯಲ್ಲಿ ತೊಳೆಯುತ್ತೇನೆ. ಪೆಟ್ರೋಲ್, ಥಿನ್ನರ್, ಸ್ಪಿರಿಟ್ ಯಾವುದೂ ಅಕ್ರಿಲಿಕ್ಕಿಗೆ ತಾಗಬಾರದು, ಕೂದಲೆಳೆಯಂಥ ಬಿರುಕು ಮೈಯೆಲ್ಲ ಹರಡುತ್ತದೆ. ಹೊರಮೈ ಮಂಕಾಗಿದ್ದರೆ 1000, 1500, 2000, 3000 ನಂಬರಿನ ವಾಟರ್ ಪೇಪರ್ ನೀರು ಹಾಕಿ ಒಂದಾದ ಮೇಲೊಂದು, ಪ್ರತಿ ಸಲ ದಿಕ್ಕು ಬದಲಿಸಿ. ಹಿಂದಿನ ಪೇಪರಿನ ಗೀರು ಪೂರ್ತಿ ಮಾಯವಾದ ಮೇಲೆಯೇ ಮುಂದಿನದು. ಕೊನೆಗೆ ಪ್ಲಾಸ್ಟಿಕ್ ಪಾಲಿಶ್, ಕೈಯಲ್ಲೇ. ಮೆಷಿನ್ನಿನ ಬಿಸಿಗೆ ಮೈ ಎಳೆದುಕೊಳ್ಳುತ್ತದೆ. ಒಳಗಿನ ಗೆರೆಗಳನ್ನು ಮುಟ್ಟಬೇಡಿ, ಬೆಳಕನ್ನು ಹರಡುವುದು ಅವೇ. ಸಣ್ಣ ಸೀಳಿಗೆ ಅಕ್ರಿಲಿಕ್ ಬೋರ್ಡ್ ಮಾಡುವವರು ಬಳಸುವ ಕ್ಲೋರೋಫಾರ್ಮನ್ನು ಸೂಜಿಯಲ್ಲಿ ಒಂದು ಹನಿ ಬಿಟ್ಟರೆ ಬಿರುಕಿನುದ್ದಕ್ಕೂ ತಾನೇ ಹರಿದು ಬೆಸೆಯುತ್ತದೆ. ಬಯಲಲ್ಲಿ ನಿಂತು ಮಾಡುವ ಕೆಲಸ ಅದು. ಬಿಸಿಲಿಗೆ ಬಿಳಿಚಿದ ಬಣ್ಣ ಮಾತ್ರ ಮರಳುವುದಿಲ್ಲ. ಬಿಳಿಚಿದ ಬದಿಯನ್ನು ಹಿಂದಕ್ಕೆ ತಿರುಗಿಸಿ, ಹಾಗೆಯೇ ಇರಲಿ.

ವೈರಿಂಗ್ ಬಗ್ಗೆ ಲೆಕ್ಕ ಹಾಕಿ ನೋಡಿ. 55 ವಾಟಿನ ಎರಡು ಬಲ್ಬಿಗೆ ಸುಮಾರು 9.2 ಆಂಪಿಯರ್. 5 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ತಾಮ್ರದ ವೈರ್ ಎಳೆದರೆ ಹೋಗಿ ಬರುವ ದಾರಿಯಲ್ಲಿ 1.2 ವೋಲ್ಟ್ ಕಳೆದುಹೋಗುತ್ತದೆ. ಹ್ಯಾಲೊಜನ್‌ನಲ್ಲಿ ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಹಾಗಾಗಿ ಮುಖ್ಯ ವೈರ್ 2.5, ಉದ್ದವೂ ಎರಡು ಮೀಟರ್ ಒಳಗೆ. ಮುಖ್ಯ ಫ್ಯೂಸ್ 15 ಆಂಪಿಯರ್, ಪ್ರತಿ ಬಲ್ಬಿಗೆ 7.5. ಮನೆಯಲ್ಲಿ ಓಡಿಸಲು 12 ವೋಲ್ಟ್ 20 ಆಂಪಿಯರಿನ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಪೆಟ್ಟಿಗೆ) ಸಾಕು. ತಣ್ಣಗಿರುವ ಬಲ್ಬ್ ಹತ್ತುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ ಎರಡನ್ನೂ ಒಟ್ಟಿಗೆ ಹಾಕಿದರೆ ಅದು ಟ್ರಿಪ್ ಆಗುತ್ತದೆ. ಮೋಟರಿಗೊಂದು, ಬಲ್ಬಿಗೊಂದೊಂದು ಸ್ವಿಚ್ ಬೇರೆಬೇರೆ ಇಡಿ. ಮೋಟರ್ ಮೊದಲು.

ವೇಗ ನೋಡಲು ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೊ ತೆಗೆದು ಮಿಂಚು ಎಣಿಸಿ. ಗಾಡಿಗಳ ಎಚ್ಚರಿಕೆ ದೀಪಗಳಿಗಿರುವ ಯುರೋಪಿನ ಇಸಿಇ ಆರ್65 ನಿಯಮ ಸೆಕೆಂಡಿಗೆ 2ರಿಂದ 4 ಮಿಂಚು ಕೇಳುತ್ತದೆ. ಹಳೆಯ ಅಮೆರಿಕನ್ ಬಾರ್‌ಗಳಲ್ಲಿ ಇದಕ್ಕಿಂತ ನಿಧಾನದವೂ ಇವೆ. ಎರಡು ತುದಿಗೂ ಬೇರೆಬೇರೆ ಮೋಟರ್ ಇದ್ದರೆ ಅವು ಎಂದೂ ಸರಿಸಮ ಓಡುವುದಿಲ್ಲ. ಒಮ್ಮೆ ಜೊತೆಯಾಗಿ, ಆಮೇಲೆ ಒಂದು ಹಿಂದೆ ಬಿದ್ದು, ಮತ್ತೆ ಬಂದು ಕೂಡಿಕೊಳ್ಳುತ್ತವೆ. ಇದನ್ನು ರೆಸಿಸ್ಟರ್ ಹಾಕಿ ಸರಿಮಾಡಹೋಗಬೇಡಿ. ತಾಸುಗಟ್ಟಲೆ ನೋಡಿದರೂ ಬೇಸರ ಬಾರದಿರುವುದು ಈ ಏರುಪೇರಿನಿಂದಲೇ.

ನಮ್ಮ ಕಡೆ ಕೊನೆಯ ಕಾಟ ತೇವದ್ದು. ದೀಪ ಉರಿದು ಬಿಸಿಯಾಗಿ, ಆರಿ ತಣಿಯುವಾಗ ಹೊರಗಿನ ಒದ್ದೆ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಸುತ್ತಲೂ ಸಿಲಿಕೋನ್ ಬಳಿದು ಮುಚ್ಚಿದರೆ ಬಂದ ನೀರು ಹೊರಗೆ ಹೋಗದೆ ಒಳಗೇ ಕೊಳೆಯುತ್ತದೆ. 5 ಮಿ.ಮೀ. ಸ್ಪಂಜ್ ರಬ್ಬರ್ ಗ್ಯಾಸ್ಕೆಟ್ ಹಾಕಿ, ತಳದ ತಗ್ಗಿನಲ್ಲಿ 4 ಮಿ.ಮೀ. ತೂತು ಬಿಡಿ, ಕಣಜ ಗೂಡು ಕಟ್ಟದಂತೆ ತೂತಿಗೆ ಸಣ್ಣ ಜಾಲರಿ. ಸಿಲಿಕೋನ್ ಬೇಕೇಬೇಕಾದಲ್ಲಿ ನ್ಯೂಟ್ರಲ್ ಎಂದು ಬರೆದಿದ್ದನ್ನೇ ಕೊಳ್ಳಿ. ವಿನೆಗರ್ ವಾಸನೆಯದು ತಾಮ್ರವನ್ನೂ ರಿಫ್ಲೆಕ್ಟರನ್ನೂ ತಿನ್ನುತ್ತದೆ.

ಸರಿಮಾಡಿದ ಬಾರನ್ನು ಸ್ವಂತ ಗಾಡಿಗೆ ಏರಿಸುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 108ನೇ ನಿಯಮ ಈ ದೀಪಗಳನ್ನು ತುರ್ತು ಸೇವೆಯ ಗಾಡಿಗಳಿಗಷ್ಟೇ ಮೀಸಲಿಟ್ಟಿದೆ. ರಸ್ತೆಗೆ ಕಾಣುವ ಜಗುಲಿಯಲ್ಲೂ ಬೇಡ, ಬರುವ ಡ್ರೈವರ್ ಮುಂದೆ ಅಪಘಾತವೆಂದು ಬ್ರೇಕ್ ಒತ್ತುತ್ತಾನೆ. ನಡುಮನೆಯ ಗೋಡೆಗೆ ಮರದ ಹಲಗೆ ಹೊಡೆದು ಕೂರಿಸಿ, ಸೈರನ್ನಿನ ವೈರ್ ಕಳಚಿಡಿ.

ಮಳೆಗಾಲದ ನಾಲ್ಕು ತಿಂಗಳು ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ. ಒಳಗೆ ನೀಲಿ ಸಿಲಿಕಾ ಜೆಲ್ಲಿನ ಪೊಟ್ಟಣವಿಟ್ಟು, ಅದು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಹರಳುಗಳನ್ನು ತಟ್ಟೆಗೆ ಸುರಿದು 110ರಿಂದ 120 ಡಿಗ್ರಿಯಲ್ಲಿ ಎರಡು ತಾಸು ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ರಬ್ಬರ್ ಚಕ್ರದ ಮಾದರಿಯನ್ನು ತಿಂಗಳುಗಟ್ಟಲೆ ಓಡಿಸದೆ ಎತ್ತಿಡುವುದಾದರೆ ಒತ್ತುವ ಸ್ಪ್ರಿಂಗನ್ನು ಕಳಚಿಡಿ. ಇಲ್ಲದಿದ್ದರೆ ರಬ್ಬರ್ ಒಂದೇ ಕಡೆ ಚಪ್ಪಟೆಯಾಗಿ, ಸುತ್ತು ಸುತ್ತಿಗೂ ಬೆಳಕು ಅಲ್ಲೊಮ್ಮೆ ಮುಗ್ಗರಿಸುತ್ತದೆ.