ಹಳೆ ಕಂಪ್ಯೂಟರಿನಲ್ಲಿ ಲಿನಕ್ಸ್ ಹಾಕಿ ಸ್ಟಾಕ್‌ಫಿಶ್ ನಡೆಸುವುದು

ದಾವಣಗೆರೆ, ಚಿತ್ರದುರ್ಗದ ಶಾಲೆಗಳಲ್ಲಿ ಮೂಲೆ ಸೇರಿದ ಕಂಪ್ಯೂಟರ್ ಇದ್ದರೆ ಎಸೆಯಬೇಡಿ. 4 ಜಿಬಿ ರ‍್ಯಾಮ್, ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ ಇದ್ದರೆ ಮಕ್ಕಳ ಚೆಸ್ ಅಭ್ಯಾಸಕ್ಕೆ ಧಾರಾಳ ಸಾಕು.

ಸ್ಟಾಕ್‌ಫಿಶ್ ಚೆಸ್ ನಡೆಗಳ ಲೆಕ್ಕ ಹಾಕುವ ಎಂಜಿನ್ (ತಂತ್ರಾಂಶ) ಮಾತ್ರ. ಅದಕ್ಕೆ ಸ್ವಂತ ಮಣೆಯಿಲ್ಲ. ಆಡಲು ಪೈಚೆಸ್, ಆಟ ವಿಶ್ಲೇಷಿಸಲು ಸ್ಕಿಡ್ ಒಳ್ಳೆಯದು. ಮೂರನ್ನೂ ಮಿಂಟ್‌ನ ತಂತ್ರಾಂಶ ಹಾಕುವ ಸಾಧನ ಸಿನಾಪ್ಟಿಕ್‌ನಿಂದ ಇನ್‌ಸ್ಟಾಲ್ ಮಾಡಿ.

ಬಹಳ ಜನ ಎಡವುವುದು ಇಲ್ಲಿ: ಸ್ಕಿಡ್ ಎಂಜಿನ್ ಎಲ್ಲಿದೆ ಎಂದು ಕೇಳುತ್ತದೆ. ಮಿಂಟ್ ಸೇರಿದ ಉಬುಂಟು, ಡೆಬಿಯನ್ ಬಳಗದಲ್ಲಿ ಅದು ಬಿನ್ ಫೋಲ್ಡರಿನಲ್ಲಿ ಇರುವುದಿಲ್ಲ, ಯುಎಸ್ಆರ್ ಒಳಗಿನ ಗೇಮ್ಸ್ ಫೋಲ್ಡರಿನಲ್ಲಿರುತ್ತದೆ. ಜೊತೆಗೆ ಯುಸಿಐ (ಎಂಜಿನ್ ಮತ್ತು ಮಣೆ ಮಾತಾಡಿಕೊಳ್ಳುವ ಭಾಷೆ) ಎಂಬಲ್ಲಿ ಗುರುತು ಹಾಕಲೇಬೇಕು. ಮರೆತರೆ ಎಂಜಿನ್ ತುಟಿ ಬಿಚ್ಚುವುದಿಲ್ಲ.

ಹೊಸ ಆವೃತ್ತಿಯನ್ನು ನೇರ ಡೌನ್‌ಲೋಡ್ ಮಾಡಿದಾಗ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ನಿಂತರೆ ಫೈಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಆ ಆವೃತ್ತಿ ನಿಮ್ಮ ಪ್ರೊಸೆಸರಿಗೆ ಹೊಂದಿಲ್ಲ ಎಂದರ್ಥ: ಎವಿಎಕ್ಸ್2 ಆವೃತ್ತಿಗೆ ಬೇಕಾದ ಸೂಚನೆಗಳು ಇಂಟೆಲ್‌ನಲ್ಲಿ ಬಂದದ್ದೇ 2013ರ ಹ್ಯಾಸ್‌ವೆಲ್ ಪ್ರೊಸೆಸರಿನಿಂದ. ಅದಕ್ಕಿಂತ ಹಳೆಯದಕ್ಕೆ ಎಸ್ಎಸ್ಇ41 ಪಾಪ್‌ಕೌಂಟ್ ಆವೃತ್ತಿ ತೆಗೆದುಕೊಳ್ಳಿ.

ಹ್ಯಾಶ್ (ಎಂಜಿನ್ ತನ್ನ ಲೆಕ್ಕ ನೆನಪಿಡುವ ಜಾಗ) ತಾನಾಗಿ 16 ಎಂಬಿ ಇರುತ್ತದೆ, 512ಕ್ಕೆ ಏರಿಸಿ. 2 ಜಿಬಿ ಕೊಟ್ಟರೆ ಯಂತ್ರ ಸ್ವಾಪ್‌ಗೆ (ಮೆಮೊರಿ ಸಾಲದೆ ಡಿಸ್ಕ್ ಬಳಸುವುದಕ್ಕೆ) ಇಳಿದು ಇನ್ನೂ ನಿಧಾನವಾಗುತ್ತದೆ. ಪ್ರೊಸೆಸರಿಗೆ ನಾಲ್ಕು ಕೋರ್ ಇದ್ದರೆ ಥ್ರೆಡ್ (ಒಟ್ಟಿಗೆ ನಡೆಯುವ ಲೆಕ್ಕದ ಎಳೆ) 3 ಸಾಕು. ಏಪ್ರಿಲ್ ಬಿಸಿಲಿನಲ್ಲಿ 2 ಮಾಡಿ, ಫ್ಯಾನಿನ ಧೂಳು ತೆಗೆಯಿರಿ: ಪ್ರೊಸೆಸರ್ ಕಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಕೆಲವೇ ಕಾಯಿ ಉಳಿದಾಗಿನ ಸರಿಯಾದ ಫಲಿತಾಂಶ ಹೇಳುವ ಸಿಜಿಜಿ ಅಂತ್ಯಾಟದ ಕೋಷ್ಟಕವೂ ಇದೆ; ಐದು ಕಾಯಿವರೆಗಿನದು ಸುಮಾರು 1 ಜಿಬಿ. ಆರು ಕಾಯಿಯದು 150 ಜಿಬಿ ಹತ್ತಿರ, ಶಾಲೆಗೆ ಅದು ಬೇಡ.