ಪಾಯ ತೋಡುವ ಮೊದಲು ಒಂದು ಫೋಟೊ

ಬೀದರ್‌ನ ನಮ್ಮ ಮನೆ ಮಾಳಿಗೆ ಮೇಲೆ ನಿಂತರೆ ಮೊದಲು ಅಷ್ಟೂರಿನ ಗುಂಬಜ್‌ಗಳು, ಅಂದರೆ ಬಹಮನಿ ಸುಲ್ತಾನರ ಗೋರಿಗಳು, ಕಾಣುತ್ತಿದ್ದವು. ಸಿಡಿಲು ಬಡಿದು ಅರ್ಧ ಸೀಳಿ ಹೋದ ಹುಮಾಯೂನ್ ಸುಲ್ತಾನನ ಗೋರಿಯೂ ಕಾಣುತ್ತಿತ್ತು. ಈಗ ಒಂದು ಗೋದಾಮಿನ ಪತ್ರಾಸ್ ಶೆಡ್, ಅಂದರೆ ತಗಡಿನ ಶೆಡ್, ಕಾಣುತ್ತದೆ. ನೀಲಿ ಬಣ್ಣದ್ದು, ಬಿಸಿಲಿಗೆ ಕಣ್ಣು ಕುಕ್ಕುವಷ್ಟು ನೀಲಿ.

ಗೋದಾಮು ಕಟ್ಟಿದವರ ಮೇಲೆ ನನಗೆ ಸಿಟ್ಟಿಲ್ಲ, ಊರಿಗೆ ಗೋದಾಮೂ ಬೇಕಲ್ವಾ. ಸಿಟ್ಟು ಬಂದದ್ದು ನನ್ನ ಮೇಲೇ. ಒಂದು ಕಚೇರಿಗೆ ಹೋಗಿ ಗೋಳು ತೋಡಿಕೊಂಡಾಗ ಅಲ್ಲಿದ್ದವರು ಕೇಳಿದ್ದು ಒಂದೇ ಮಾತು: "ಮೊದಲು ಹ್ಯಾಂಗಿತ್ತು, ತೋರಸ್ರಿ." ಮನೆಯೆಲ್ಲ ಹುಡುಕಿದೆ. ಸಿಕ್ಕಿದ್ದು ಅಕ್ಕನ ಮಗಳ ಸೀಮಂತದ ಒಂದು ಫೋಟೊ. ಅವಳ ಭುಜದ ಹಿಂದೆ, ಮಲ್ಲಿಗೆ ದಂಡೆಯ ಸಂದಿಯಲ್ಲಿ, ಕಾಲು ಗುಂಬಜ್.

ಅಲ್ಲಿಂದ ಈ ಕೆಲಸವನ್ನು ಸರಿಯಾಗಿ ಕಲಿತೆ. ಕಟ್ಟಡದಿಂದ ಊರಿನ ನೋಟಕ್ಕೆ ಎಷ್ಟು ಪೆಟ್ಟು ಬೀಳುತ್ತದೆ ಅನ್ನುವುದನ್ನು ಅಳೆಯಬಹುದು, ಕಮ್ಮಿಯೂ ಮಾಡಬಹುದು. ಕಟ್ಟುವವರಿಗೂ ಇದು ಬೇಕು, ಪಕ್ಕದಲ್ಲಿ ಕೂತು ನೋಡುವವರಿಗೂ ಬೇಕು. ಖರ್ಚು ಜಾಸ್ತಿ ಇಲ್ಲ. ಆದರೆ ಮುಕ್ಕಾಲು ಪಾಲು ಕೆಲಸ ಪಾಯ ತೋಡುವ ಮೊದಲೇ ಆಗಬೇಕು. ಆಮೇಲೆ ಮಾಡುವುದೆಲ್ಲ ತೇಪೆ.

ಎಲ್ಲಿ ನಿಂತು ನೋಡುತ್ತಾರೆ?

ಮೊದಲು ಸೈಟಿಗೆ ಹೋಗಬೇಡಿ. ಸೈಟ್ ಎಲ್ಲೆಲ್ಲಿಂದ ಕಾಣುತ್ತದೋ ಅಲ್ಲಿಗೆಲ್ಲ ಹೋಗಿ. ಬಸ್ ಸ್ಟಾಪು, ಶಾಲೆಯ ಅಂಗಳ, ದರ್ಗಾದ ಮೆಟ್ಟಿಲು, ಗುಡಿಯ ಕಟ್ಟೆ, ಹೊಲಕ್ಕೆ ಹೋಗುವ ದಾರಿ. ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ, ಎಲ್ಲಿ ಸುಮ್ನೆ ನೋಡುತ್ತಾರೆ ಅನ್ನುವುದೇ ಇಲ್ಲಿ ಮುಖ್ಯ. ಅರವತ್ತರ ವೇಗದಲ್ಲಿ ಹೋಗುವ ಬಸ್ಸಿನಿಂದ ಒಂದು ಕ್ಷಣ ಕಾಣುವುದೂ, ದಿನಾ ಸಂಜೆ ಕಟ್ಟೆ ಮೇಲೆ ಕೂತವರಿಗೆ ಕಾಣುವುದೂ ಒಂದೇ ಅಲ್ಲ.

ಯಾದಗಿರಿ ಜಿಲ್ಲೆಯ ಶಹಾಪುರದ ಬೆಟ್ಟವನ್ನೇ ನೋಡಿ. ಒಂದು ಕಡೆಯಿಂದ ನೋಡಿದರೆ ಮಲಗಿದ ಬುದ್ಧ: ಹಣೆ, ಮೂಗು, ಗದ್ದ, ಎದೆ ಎಲ್ಲಾ ಇದೆ. ಇನ್ನೊಂದು ಕಡೆಯಿಂದ ಬರೀ ಗುಡ್ಡ. ಮೂಗಿನ ಜಾಗದಲ್ಲಿ ಒಂದು ಟವರ್ ನಿಲ್ಲಿಸಿದರೆ ಹಿಂದಿನ ಊರಿನವರಿಗೆ ಅದು ಬರೀ ಟವರ್, ಮುಂದಿನವರಿಗೆ ಬುದ್ಧನ ಮೂಗಿಗೆ ಚುಚ್ಚಿದ ಕಡ್ಡಿ. ಅದಕ್ಕೇ ಜಾಗ ಆರಿಸುವಾಗ ಅಲ್ಲಿನ ಹಿರಿಯರನ್ನು ಕೇಳಿ. "ಕಾಕಾ, ಇಲ್ಲಿಂದ ಏನು ಕಾಣ್ತದ?" ಅಂತ ಕೇಳಿದರೆ ಸಾಕು, ನಕ್ಷೆಯಲ್ಲಿ ಇಲ್ಲದ ಹತ್ತು ಸಂಗತಿ ಹೇಳುತ್ತಾರೆ.

ದೊಡ್ಡ ಪಟ್ಟಿ ಬೇಡ, ಐದಾರು ಜಾಗ ಸಾಕು. ಒಂದು ಹತ್ತಿರದ್ದು, ಎರಡು ಮೂರು ಅರ್ಧ ಕಿಲೋಮೀಟರ್ ಆಸುಪಾಸಿನವು, ಒಂದೆರಡು ದೂರದವು. ಕಲಬುರಗಿ ಕಡೆ ಬಯಲು ಸೀಮೆಯಲ್ಲಿ ದೂರದ್ದನ್ನು ಬಿಡಲೇಬೇಡಿ. ಸಪಾಟು ನೆಲದಲ್ಲಿ ನಿಂತ ಮನುಷ್ಯನಿಗೆ ದಿಗಂತ ಇರುವುದು ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿ. ಆದರೆ ನೂರು ಮೀಟರ್ ಎತ್ತರದ ಚಿಮಣಿಯ ತುದಿ, ಭೂಮಿಯ ಗುಂಡಗಿನ ಆಕಾರದ ಲೆಕ್ಕ ಹಿಡಿದರೂ, 40 ಕಿಲೋಮೀಟರ್ ದೂರದವರೆಗೆ ಕಾಣಬಹುದು. ದೂಳು, ಮಬ್ಬು ಇದ್ದರೆ ಕಾಣಲಿಕ್ಕಿಲ್ಲ, ಮಳೆ ಬಿದ್ದು ಗಾಳಿ ತೊಳೆದ ಮರುದಿನ ಕಾಣುತ್ತದೆ. ಸೇಡಂ, ಚಿತ್ತಾಪುರ ಕಡೆ ಸಿಮೆಂಟ್ ಕಾರ್ಖಾನೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಫೋಟೊ: ಮೊಬೈಲ್ ಸಾಕು, ಶಿಸ್ತು ಬೇಕು

ಮೊಬೈಲ್‌ನ ಮಾಮೂಲಿ ಕ್ಯಾಮೆರಾ ಅಗಲವಾಗಿ ನೋಡುತ್ತದೆ. ಹಾಗಾಗಿ ದೂರದ ವಸ್ತು ನಿಮ್ಮ ಕಣ್ಣಿಗೆ ಕಾಣುವುದಕ್ಕಿಂತ ಚಿಕ್ಕದಾಗಿ ಬರುತ್ತದೆ. ಬಿಲ್ಡರ್‌ಗಳ ಬ್ರೋಷರ್‌ನಲ್ಲಿ ಹತ್ತು ಮಹಡಿ ಕಟ್ಟಡ ಆಟಿಕೆ ತರಹ ಕಾಣುತ್ತದಲ್ಲ, ಅದರಲ್ಲಿ ಅರ್ಧ ಪಾಲು ಲೆನ್ಸಿನ ಮಹಿಮೆ. ನೀವು ಎರಡು ಪಟ್ಟು ಝೂಮ್ ಇಟ್ಟು ತೆಗೆಯಿರಿ, ಹಳೆಯ ಕ್ಯಾಮೆರಾಗಳ 50 ಎಂಎಂ ಲೆನ್ಸಿನ ಹತ್ತಿರಕ್ಕೆ ಬರುತ್ತದೆ. ಪ್ರತಿ ಸಲ ಅದೇ ಫೋನು, ಅದೇ ಝೂಮು, ಕಣ್ಣಿನ ಎತ್ತರದಲ್ಲೇ. ನಿಂತ ಜಾಗಕ್ಕೆ ಒಂದು ಗುರುತು ಮಾಡಿ. ನಾನು ಒಂದು ಮೈಲುಗಲ್ಲಿನ ಬಲಕ್ಕೆ ಎರಡು ಹೆಜ್ಜೆ ಅಂತ ಬರೆದುಕೊಂಡಿದ್ದೇನೆ. ಮೊದಲು ಒಂದು ಬೇವಿನ ಮರದ ಕೆಳಗೆ ಅಂತ ಬರೆದಿದ್ದೆ, ಆ ಮರವನ್ನೇ ಕಡಿದುಬಿಟ್ಟರು.

ಹೊತ್ತು ಕೂಡ ಮುಖ್ಯ. ಅಷ್ಟೂರು ಇರುವುದು ಬೀದರ್‌ಗೆ ಪೂರ್ವಕ್ಕೆ. ಊರಿನಿಂದ ಗುಂಬಜ್‌ಗಳನ್ನು ತೆಗೆಯುವುದಾದರೆ ಸಂಜೆ ನಾಲ್ಕರ ಮೇಲೆ ಹೋಗಿ, ಬಿಸಿಲು ನಿಮ್ಮ ಬೆನ್ನಿಗೆ ಇರುತ್ತದೆ. ಅಷ್ಟೂರಿನಿಂದ ಊರಿನ ಕಡೆ ತೆಗೆಯುವುದಾದರೆ ಬೆಳಗ್ಗೆ. ಇದನ್ನು ಉಲ್ಟಾ ಮಾಡಿದರೆ ಎಲ್ಲವೂ ಕರಿ ನೆರಳು, ಪುರಾವೆಗೆ ಬಾರದು.

ಕಾಲ ಇನ್ನೂ ಮುಖ್ಯ. ನಮ್ಮ ಕಡೆ ನವೆಂಬರ್‌ನಲ್ಲಿ ತೊಗರಿ ಆಳೆತ್ತರ ನಿಂತಿರುತ್ತದೆ. ಹೊಲದ ಬದಿಯಲ್ಲಿ ನಿಂತು "ಏನೂ ಕಾಣಲ್ಲ, ತೊಂದರೆ ಇಲ್ಲ" ಅಂತ ವರದಿ ಬರೆದವರುಂಟು. ಜನವರಿಯಲ್ಲಿ ರಾಶಿ ಮುಗಿದ ಮೇಲೆ ಅದೇ ಜಾಗದಲ್ಲಿ ನಿಂತರೆ ಎಲ್ಲಾ ಬಟಾಬಯಲು. ಫೆಬ್ರವರಿ, ಮಾರ್ಚ್‌ನಲ್ಲಿ ಬೇವಿನ ಎಲೆಯೂ ಉದುರುತ್ತದೆ. ಕಾಣುವುದು ಅತಿ ಜಾಸ್ತಿ ಯಾವಾಗಲೋ ಆವಾಗಲೇ ಒಂದು ಸುತ್ತು ತೆಗೆಯಿರಿ, ಮಳೆಗಾಲ ಮುಗಿದ ಮೇಲೆ ಇನ್ನೊಂದು ಸುತ್ತು. ರಾತ್ರಿ ಒಂದು ಫೋಟೊ ಬೇಕು, ಅದನ್ನು ಎಲ್ಲರೂ ಮರೆಯುತ್ತಾರೆ.

ಕಿರುಬೆರಳಿನ ಲೆಕ್ಕ

ಇನ್ನೂ ಕಟ್ಟದ ಕಟ್ಟಡ ಎಷ್ಟು ದೊಡ್ಡದಾಗಿ ಕಂಡೀತು? ಕೈಯನ್ನು ಪೂರ್ತಿ ಮುಂದೆ ಚಾಚಿ. ಕಿರುಬೆರಳಿನ ಅಗಲ ಸುಮಾರು ಒಂದು ಡಿಗ್ರಿ, ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ಕಟ್ಟಡದ ಎತ್ತರವನ್ನು ದೂರದಿಂದ ಭಾಗಿಸಿ 57ರಿಂದ ಗುಣಿಸಿದರೆ ಡಿಗ್ರಿ ಸಿಗುತ್ತದೆ. ಐದು ಮಹಡಿ, ಅಂದರೆ 15 ಮೀಟರ್ ಕಟ್ಟಡ ಒಂದು ಕಿಲೋಮೀಟರ್ ಆಚೆ ಇದ್ದರೆ ಕಿರುಬೆರಳಿನ ಹಿಂದೆ ಅಡಗುತ್ತದೆ. 300 ಮೀಟರ್‌ನಲ್ಲಿ ಮೂರು ಕಿರುಬೆರಳಷ್ಟು. ನೂರು ಮೀಟರ್‌ನಲ್ಲಿ ಹೆಚ್ಚುಕಡಿಮೆ ಒಂದು ಮುಷ್ಟಿ. ಈಗ ಅದೇ ಜಾಗದಿಂದ ಗುಂಬಜ್ ಎಷ್ಟು ಬೆರಳು ಇದೆ ನೋಡಿ. ಕಟ್ಟಡ ಅದಕ್ಕಿಂತ ದೊಡ್ಡದಾದರೆ ಕಣ್ಣು ಮೊದಲು ಹೋಗುವುದು ಕಟ್ಟಡಕ್ಕೇ.

ಲೆಕ್ಕ ಬೇಡ ಅನ್ನುವವರು ಬಿದಿರು ನಿಲ್ಲಿಸಿ. ಎರಡು ಬೊಂಬು ಕಟ್ಟಿ, ತುದಿಗೆ ಕೆಂಪು ಬಟ್ಟೆ ಹಾಕಿ, ಐದೂ ಜಾಗದಿಂದ ನೋಡಿ ಬನ್ನಿ. ಅಷ್ಟು ಎತ್ತರ ಆಗದಿದ್ದರೆ ಪಕ್ಕದ ಕರೆಂಟ್ ಕಂಬವನ್ನೇ ಅಳತೆಗೋಲು ಮಾಡಿಕೊಳ್ಳಿ. ಎಂಟು ಮೀಟರ್ ಕಂಬ ನೆಲದ ಮೇಲೆ ಸುಮಾರು ಆರೂವರೆ ಮೀಟರ್ ಇರುತ್ತದೆ. ಬೇರೆ ಕಡೆ ಬಲೂನ್ ಹಾರಿಸಿ ನೋಡುತ್ತಾರೆ, ಡ್ರೋನ್ ಬಿಡುತ್ತಾರೆ. ಬೀದರ್‌ನಲ್ಲಿ ವಾಯುಪಡೆಯ ನೆಲೆ ಇದೆ, ದಯವಿಟ್ಟು ಆ ಸಾಹಸ ಬೇಡ. ಡ್ರೋನ್‌ಗೆಂದೇ ಸರ್ಕಾರ ಮಾಡಿದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕೆಂಪು ವಲಯ, ಅಂದರೆ ಹಾರಿಸಬಾರದ ಜಾಗ, ಯಾವುದು ಅಂತ ನೋಡದೆ ಡ್ರೋನ್ ಮುಟ್ಟಲೇಬೇಡಿ.

ಕಟ್ಟುವವರಿಗೆ: ಜಾಗ, ಬಣ್ಣ, ಆಮೇಲೆ ಮರ

ಈ ಕ್ರಮ ತಪ್ಪಿಸಬೇಡಿ. ಎಲ್ಲರೂ ಮರದಿಂದ ಶುರು ಮಾಡುತ್ತಾರೆ, ಅದು ಕೊನೆಯ ಉಪಾಯ.

ಜಾಗ ಅಂದರೆ ಪ್ಲಾಟ್ ಬದಲಿಸಿ ಅಂತಲ್ಲ. ಇರುವ ಪ್ಲಾಟಿನಲ್ಲೇ ಸ್ವಲ್ಪ ಸರಿಸುವುದು. ಬೀದರ್ ಪ್ರಸ್ಥಭೂಮಿಯ ಅಂಚಿನಲ್ಲಿರುವ ಊರು. ಅಂಚಿಗೇ ಕಟ್ಟಿದರೆ ಕೆಳಗಿನ ಹಳ್ಳಿಗಳಿಗೆಲ್ಲ ಆಕಾಶಕ್ಕೆ ಚುಚ್ಚಿದ ಹಾಗೆ ಕಾಣುತ್ತದೆ, ಒಂದಷ್ಟು ಮೀಟರ್ ಹಿಂದಕ್ಕೆ ಸರಿದರೆ ಅಂಚೇ ಮರೆ ಆಗುತ್ತದೆ. ಯಾದಗಿರಿ, ಸುರಪುರದ ಕಲ್ಲುಗುಡ್ಡಗಳಲ್ಲಿ ನೆತ್ತಿ ಬಿಟ್ಟು ಮಗ್ಗುಲಿಗೆ ಬನ್ನಿ. ಗುಡ್ಡಕ್ಕೆ ಹತ್ತುವ ರಸ್ತೆಯನ್ನು ನೇರ ಸೀಳಿದರೆ ಆ ಗಾಯ ಕಟ್ಟಡಕ್ಕಿಂತ ಜಾಸ್ತಿ ಕಾಣುತ್ತದೆ, ಬಾಗಿಸಿಕೊಂಡು ಹೋಗಿ.

ಬಣ್ಣದ ವಿಷಯ ನನಗೆ ಜೀವ. ನೀಲಿ ಮತ್ತು ಹೊಳೆಯುವ ಬಿಳಿ ನಮ್ಮ ನೆಲದ ಮೇಲೆ ದೂರಕ್ಕೆ ಎದ್ದು ಕಾಣುತ್ತವೆ. "ಹಸಿರು ಹೊಡೆಸಿದ್ರೆ ಪರಿಸರದ ಜೊತೆ ಸೇರಿಕೊಳ್ತದೆ" ಅನ್ನುವುದು ಮಲೆನಾಡಿನ ಲೆಕ್ಕ. ನಮ್ಮ ಹೊಲ ವರ್ಷದಲ್ಲಿ ನಾಲ್ಕೈದು ತಿಂಗಳು ಹಸಿರು, ಉಳಿದಂತೆ ಕಪ್ಪು ಎರೆ, ಒಣ ಹುಲ್ಲು, ಕೆಂಪು ಮುರುಮ್. ಇಲ್ಲಿ ಸೇರಿಕೊಳ್ಳುವುದು ಮಂಕು ಕಂದು, ಜಂಬಿಟ್ಟಿಗೆಯ ಕೆಂಪು, ಬೂದಿ. ಸುತ್ತಲಿನ ಮಣ್ಣಿಗಿಂತ ಒಂದು ಪಾಲು ಗಾಢವಾಗಿರಲಿ, ಹೊಳಪು ಬೇಡವೇ ಬೇಡ. ಆಕಾಶಕ್ಕೆ ಎದುರಾಗಿ ನಿಲ್ಲುವ ಟ್ಯಾಂಕು, ಟವರುಗಳಿಗೆ ತಿಳಿ ಬೂದಿ. ಒಬ್ಬ ಗುತ್ತೇದಾರರಿಗೆ ಇದನ್ನು ಹೇಳಿದಾಗ "ಬಣ್ಣ ಯಾವುದಿದ್ರೇನ್ರೀ, ನೆಳ್ಳು ಬಿದ್ರ ಸಾಕಲ್ರಿ" ಅಂದರು. ಅವರ ಮಾತಲ್ಲೂ ನ್ಯಾಯ ಇದೆ. ಕಲಬುರಗಿಯ ಬೇಸಿಗೆಯಲ್ಲಿ ಗಾಢ ಬಣ್ಣದ ಪತ್ರಾಸ್ ಅಂದರೆ ಒಳಗಿದ್ದವರಿಗೆ ರೊಟ್ಟಿ ಹಂಚು. ಅದಕ್ಕೆ ದಾರಿ ಇದೆ: ಸಪಾಟು ಮಾಳಿಗೆಗೆ ಬಿಳಿ ತಂಪು ಬಣ್ಣ ಹೊಡೆಸಿ, ಸುತ್ತ ಪ್ಯಾರಾಪೆಟ್ ಇದ್ದರೆ ಕೆಳಗಿನವರಿಗೆ ಅದು ಕಾಣುವುದಿಲ್ಲ. ಗೋಡೆಗಳಿಗೆ ಮಾತ್ರ ಮಣ್ಣಿನ ಬಣ್ಣ. ಇಳಿಜಾರು ಪತ್ರಾಸ್ ಆದರೆ ಹೊಳಪಿಲ್ಲದ ಬೂದಿ ಹಾಕಿಸಿ, ಒಳಗೆ ತಾಪ ತಡೆಯುವ ಪದರ ಕೊಡಿ. ಬೀದರ್‌ನಲ್ಲಿ ಜಂಬಿಟ್ಟಿಗೆ, ಕಲಬುರಗಿಯಲ್ಲಿ ಶಹಾಬಾದ್ ಕಲ್ಲು ಬಳಸಿದರಂತೂ ಬಣ್ಣದ ಮಾತೇ ಇಲ್ಲ.

ಮರ ನೆಡುವುದಾದರೆ ಕೆಲಸ ಶುರುವಾಗುವ ಹಿಂದಿನ ಮಳೆಗಾಲದಲ್ಲೇ ನೆಡಿ. ಬೇವು, ಹೊಂಗೆ, ಹುಣಸೆ. ಒಂದೇ ಸಾಲಿನಲ್ಲಿ ಸಿಪಾಯಿಗಳ ಹಾಗೆ ಬೇಡ, ಹಿಂದೆ ಮುಂದೆ ಹಾಕಿ. ಮೊದಲ ಎರಡು ಮೂರು ಬೇಸಿಗೆ ನೀರು ಹಾಕುವವರ ಹೆಸರು ಬರೆದಿಡಿ, ಇಲ್ಲಾಂದರೆ ಉದ್ಘಾಟನೆಯ ಫೋಟೊದಲ್ಲಿ ಮಾತ್ರ ಮರ ಇರುತ್ತದೆ. ಇರುವ ಮರ ಉಳಿಸುವುದು ಎಲ್ಲಕ್ಕಿಂತ ಅಗ್ಗ: ಕೊಂಬೆ ಹರಡಿದಷ್ಟು ಅಗಲಕ್ಕೆ ಬೇಲಿ ಹಾಕಿ, ಅದರೊಳಗೆ ಖಡಿ, ಉಸುಕು ಸುರಿಯಬೇಡಿ. ಕಡಿಯಲೇಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು.

ಕೆಲಸ ನಡೆಯುವಾಗ

ಮೇಲಿನ ಒಂದು ಅಡಿ ಎರೆ ಮಣ್ಣನ್ನು ಬೇರೆ ತೆಗೆದಿಡಿ. ಗುಡ್ಡೆ ಎರಡು ಮೀಟರ್ ಮೀರದಿರಲಿ, ಮೇಲೆ ಹುರುಳಿಯೋ ಹೆಸರೋ ಚೆಲ್ಲಿಬಿಡಿ. ಕೆಲಸ ಮುಗಿದ ಮೇಲೆ ಅದೇ ಮಣ್ಣು ಹರಡಿದರೆ ಒಂದೇ ಮಳೆಗೆ ಗಾಯ ಮಾಯತೊಡಗುತ್ತದೆ. ಉಸುಕು, ಮುರುಮ್ ಗುಡ್ಡೆಗೆ ತಾಡಪತ್ರಿ ಮುಚ್ಚಿ. ಕಲಬುರಗಿ, ದೇಶದ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿರುವ ರಾಜ್ಯದ ನಾಲ್ಕು ನಗರಗಳಲ್ಲಿ ಒಂದು. ದೂಳು ಮಿತಿ ಮೀರಿದ ಊರುಗಳಿಗೆ ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ ನಿಯಮದ ಪ್ರಕಾರ ಕಟ್ಟಡದ ಎತ್ತರದ ಮೂರನೇ ಒಂದು ಪಾಲು, ಹೆಚ್ಚೆಂದರೆ 10 ಮೀಟರ್, ಗಾಳಿ ತಡೆ ಕಟ್ಟಬೇಕು. ಆ ತಡೆಗೆ ಕಟ್ಟಿದ ನೆಟ್ ಹರಿದು ಜೋತು ಬಿದ್ದರೆ ಅದೇ ಇನ್ನೊಂದು ಹೊಲಸು, ತಿಂಗಳಿಗೊಮ್ಮೆ ನೋಡಿ.

ಫೋಕಸ್ ಲೈಟುಗಳನ್ನು ನೆಲಕ್ಕೆ ಬಗ್ಗಿಸಿ, ಹಳದಿ ಬೆಳಕು ಹಾಕಿ, ಕೆಲಸ ಇಲ್ಲದಾಗ ಆರಿಸಿ. ಇಷ್ಟೇ.

ತಿಂಗಳಿಗೆ ಒಂದು ದಿನ ಐದೂ ಜಾಗಕ್ಕೆ ಹೋಗಿ ಫೋಟೊ ತೆಗೆದು, ಹಳೆಯದರ ಪಕ್ಕ ಇಟ್ಟು ಅಂಕ ಕೊಡಿ. ಬದಲಾವಣೆ ಏನೂ ಇಲ್ಲ ಅಂದರೆ ಸೊನ್ನೆ. ಹುಡುಕಿದರೆ ಕಾಣುತ್ತದೆ ಅಂದರೆ ಒಂದು. ತಾನಾಗಿ ಕಣ್ಣಿಗೆ ಬೀಳುತ್ತದೆ ಅಂದರೆ ಎರಡು. ಅದನ್ನು ಬಿಟ್ಟು ಬೇರೇನೂ ಕಾಣುತ್ತಿಲ್ಲ ಅಂದರೆ ಮೂರು. ಅಂಕ ನೀವೊಬ್ಬರೇ ಕೊಡಬೇಡಿ, ಜಗಳಕ್ಕೆ ಸಂಬಂಧ ಇಲ್ಲದ ಇಬ್ಬರಿಂದ ಕೊಡಿಸಿ. ನಾನು ಕೊಟ್ಟರೆ ಎಲ್ಲಕ್ಕೂ ಮೂರೇ.

ಕಾಗದದಲ್ಲಿ ಏನಿದೆ

ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳ ಸುತ್ತ, ಅಂದರೆ ಬೀದರ್ ಕೋಟೆ, ಮಹಮೂದ್ ಗವಾನ್ ಮದ್ರಸಾ, ಅಷ್ಟೂರು, ಕಲಬುರಗಿಯ ಹಫ್ತ್ ಗುಂಬಜ್ ಇಂಥವುಗಳ ಸುತ್ತ, 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ. ಅದರಾಚೆ ಇನ್ನೂ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕು. 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಇದು. ಆದರೆ ನೋಟ 300 ಮೀಟರ್‌ಗೆ ನಿಲ್ಲುವುದಿಲ್ಲ. ನಮ್ಮ ನೀಲಿ ಶೆಡ್ ಆ ಗೆರೆಯ ಆಚೆಯೇ ಇದೆ, ಕಾಯ್ದೆ ಪ್ರಕಾರ ಅದರದ್ದೇನೂ ತಪ್ಪಿಲ್ಲ.

ದೊಡ್ಡ ಯೋಜನೆ ಆದರೆ ಇನ್ನೊಂದು ಹಿಡಿ ಸಿಗುತ್ತದೆ. 2006ರ ಪರಿಸರ ಅಧಿಸೂಚನೆ ಪ್ರಕಾರ 20,000 ಚದರ ಮೀಟರ್ ಮತ್ತು ಮೇಲ್ಪಟ್ಟ ಕಟ್ಟಡಗಳಿಗೆ ಮೊದಲೇ ಅನುಮತಿ ಬೇಕು. ಆ ಅರ್ಜಿಯ ಫಾರ್ಮ್ 1ಎ ಒಳಗೆ ಸೌಂದರ್ಯದ ಬಗ್ಗೆಯೇ ಒಂದು ಭಾಗ ಇದೆ: ಈ ಕಟ್ಟಡದಿಂದ ನೋಟಕ್ಕೋ ಭೂದೃಶ್ಯಕ್ಕೋ ಅಡ್ಡಿ ಆಗುತ್ತದೆಯೇ ಅಂತ ನೇರವಾಗಿ ಕೇಳುತ್ತದೆ. ಅಲ್ಲಿ "ಇಲ್ಲ" ಅಂತ ಬರೆದಿದ್ದರೆ ನಿಮ್ಮ ಹಳೆಯ ಫೋಟೊ ಆಗ ಕೆಲಸಕ್ಕೆ ಬರುತ್ತದೆ. ಅನುಮತಿಯ ಷರತ್ತು ಪಾಲಿಸಿದ ವರದಿಯನ್ನು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಕೊಡಬೇಕು. ಕೇಳಿ ತೆಗೆದುಕೊಳ್ಳಿ. ಸರ್ಕಾರಿ ಕೆಲಸವಾದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕಕ್ಕೆ ಕಡತ ಮಾತ್ರವಲ್ಲ, ಕಾಮಗಾರಿಯನ್ನೇ ಹೋಗಿ ನೋಡುವ ಹಕ್ಕೂ ಇದೆ. ಅರ್ಜಿ ಚಿಕ್ಕದಾಗಿರಲಿ, ಕರ್ನಾಟಕದಲ್ಲಿ 150 ಪದ, ಒಂದೇ ವಿಷಯ.

ನಾನಂತೂ ಅರ್ಜಿ ಹಾಕಲಿಲ್ಲ. ಆರು ತಿಂಗಳ ಫೋಟೊ ತೆಗೆದುಕೊಂಡು ಶೆಡ್ಡಿನ ಮಾಲೀಕರ ಹತ್ತಿರ ಹೋದೆ, ಚಹಾ ಕುಡಿದೆ, ಅವರೂ ಒಂದೊಂದಾಗಿ ನೋಡಿದರು. ಮುಂದಿನ ದೀಪಾವಳಿಗೆ ಕಂದು ಬಣ್ಣ ಹೊಡೆಸುತ್ತಾರಂತೆ. ಡಬ್ಬಿ ಮಾತ್ರ ನಾನೇ ತಂದುಕೊಡಬೇಕಂತೆ.